ಕುಂಕುಮ ಮೇಲೇರಿದ ಬಾವುಟ

೧೯೯೮ರಲ್ಲಿ ನಾನು ಸಕಲೇಶಪುರ ತಾಲ್ಲೂಕಿನಲ್ಲಿ, ಹೊಂಗಡಹಳ್ಳದ ದಾರಿಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದೆ. ಪ್ರಭಾರ ಎಂದರೆ ಕುರ್ಚಿಯಲ್ಲಿ ಕೂರಬಹುದು, ಒರಗುವ ಹಾಗಿಲ್ಲ. ನನ್ನನ್ನು ಕಾಯಂ ಮಾಡುವ ಫೈಲು ಬಿಇಓ, ಅಂದರೆ ತಾಲ್ಲೂಕಿನ ಶಿಕ್ಷಣಾಧಿಕಾರಿಗಳ ಮೇಜಿನ ಮೇಲಿತ್ತು. ಆ ಸಾಹೇಬರೇ ನವೆಂಬರ್ ಒಂದರ ರಾಜ್ಯೋತ್ಸವಕ್ಕೆ ನಮ್ಮಲ್ಲಿಗೆ ಬಂದು ಬಾವುಟ ಹಾರಿಸುತ್ತಾರೆಂದು ಪತ್ರ ಬಂತು. ಹಿಂದಿನ ವರ್ಷ ಬೇರೊಂದು ಶಾಲೆಯಲ್ಲಿ ಬಾವುಟ ತಲೆಕೆಳಗಾಗಿ ಹಾರಿದ್ದಕ್ಕೆ ಅಲ್ಲಿನ ಹೆಡ್‌ಮಾಸ್ತರಿಗೆ ನೋಟಿಸ್ ಕೊಟ್ಟವರು ಅವರೇ.

ಬೀರು ತೆಗೆದು ನೋಡಿದೆ. ಇಲಿ ನಮ್ಮ ಬಾವುಟದ ಕೆಂಪನ್ನು ತಿಂದು ಹಳದಿಯನ್ನು ಬಿಟ್ಟಿತ್ತು. ಅದರ ಅಭಿರುಚಿಯನ್ನು ವಿಚಾರಿಸಲು ಸಮಯವಿರಲಿಲ್ಲ. ಅಂದು ಅಕ್ಟೋಬರ್ ಮೂವತ್ತು.

ಮಧ್ಯಾಹ್ನದ ಬಸ್ಸಿಗೆ ಸಕಲೇಶಪುರಕ್ಕೆ ಹೋದೆ. ಮೂರು ಅಂಗಡಿ ಸುತ್ತಿದೆ. "ಕಾಗದದ್ದು ಐತೆ ಮೇಷ್ಟ್ರೇ, ಬಟ್ಟೆದು ಖಾಲಿ ಆಗ್ಬುಡ್ತು. ಕನ್ನಡ ಸಂಘದೋರು ಬಂದು ಬಾಚ್ಕೊಂಡ್ ಹೋದ್ರು" ಎಂದ ಮೂರನೆಯವನು. ಕೊನೆಗೆ ಬಟ್ಟೆ ಅಂಗಡಿಯಲ್ಲಿ ಹಳದಿ ಒಂದು ತುಂಡು, ಕೆಂಪು ಒಂದು ತುಂಡು ಹರಿಸಿಕೊಂಡು, ವಾಪಸು ಬರುವಾಗ ಯಸಳೂರಿನಲ್ಲಿ ಇಳಿದು ಟೈಲರ್ ಶಿವಣ್ಣನ ಮುಂದಿಟ್ಟೆ.

ಶಿವಣ್ಣ ರವಿಕೆ ಹೊಲಿಯುವವನು. ಬಾವುಟ ಹೊಲಿದು ಅಭ್ಯಾಸವಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದ ಬಾಯಿ ನನ್ನದು, ಸುಮ್ಮನಿದ್ದೀತೇ? ಹಳದಿ ಶಾಂತಿ, ಕೆಂಪು ಧೈರ್ಯ ಎಂದೆ. ಎರಡೂ ಸೇರಿದರೆ ಅರಿಶಿನ ಕುಂಕುಮ, ತಾಯಿ ಭುವನೇಶ್ವರಿಯ ಸೌಭಾಗ್ಯ ಎಂದೆ. ಶಿವಣ್ಣ ಭಕ್ತಿಯಿಂದ ಕೇಳಿದ. ಕೊನೆಯ ಬಸ್ಸು ಹಾರನ್ ಹೊಡೆಯಿತು, ನಾನು ಓಡಿದೆ.

ಒಂದನೇ ತಾರೀಕು ಬೆಳಗ್ಗೆ ಎಂಟಕ್ಕೆ ಅವನೇ ಬಾವುಟ ಹಿಡಿದು ಬಂದ. ಬಿಇಓ ಬರುವುದು ಒಂಬತ್ತಕ್ಕೆ. ಬಿಡಿಸಿ ಹಿಡಿದ. ಮೇಲೆ ಕೆಂಪು, ಕೆಳಗೆ ಹಳದಿ.

"ಏನಯ್ಯಾ ಇದು? ಹಳದಿ ಮೇಲಿರಬೇಕು."

"ನೀವೇ ಅಂದ್ರಲ್ಲ ಸಾರ್, ಅರಿಶಿನ ಕುಂಕುಮ ಅಂತ. ಕುಂಕುಮ ಹಣೆಗೆ, ಅರಿಶಿನ ಕೆನ್ನೆಗೆ. ಕೆನ್ನೆಗೆ ಕುಂಕುಮ ಇಟ್ಕೊಂಡೋರ್ನ ನಾನಂತೂ ಕಂಡಿಲ್ಲ ಕಣ್ರೀ."

ಶಾಸ್ತ್ರ ಅವನ ಕಡೆಗಿತ್ತು. ನೋಟಿಸ್ ನನ್ನ ಕಡೆಗೆ ಬರುವುದರಲ್ಲಿತ್ತು. "ಬಿಚ್ಚು, ಬಿಚ್ಚಿ ಅದಲುಬದಲು ಮಾಡಿ ಹೊಲಿ" ಎಂದೆ. ಅವನು ಜೇಬಿನಿಂದ ಬ್ಲೇಡು ತೆಗೆದು ಹೊಲಿಗೆಯನ್ನೆಲ್ಲ ಸರ್ರನೆ ಬಿಚ್ಚಿಹಾಕಿದ. ಕರ್ನಾಟಕ ಎರಡು ತುಂಡಾಗಿ ನನ್ನ ಮೇಜಿನ ಮೇಲೆ ಬಿದ್ದುಕೊಂಡಿತು.

ಅಷ್ಟರಲ್ಲಿ ನಮ್ಮ ಸಹಶಿಕ್ಷಕಿ ಗಿರಿಜಮ್ಮ ಸೇವಂತಿಗೆ ಹೂ ತಂದರು. ವಿಷಯ ತಿಳಿದು ಹೂವನ್ನು ಮೇಜಿನ ತುದಿಗಿಟ್ಟರು.

"ಬಿಚ್ಚಿದ್ದು ಯಾಕೆ ಸಾರ್? ಮೇಲ್ಕೆಳಗೆ ಮಾಡಿ ಕಟ್ಟಿದ್ರೆ ಹಳದಿನೇ ಮೇಲೆ ಬರ್ತಿತ್ತಲ್ಲ."

ಶಿವಣ್ಣ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಭೂಪಟ ನೋಡಿದೆ. ಗಂಟೆ ಎಂಟೂಕಾಲು.

ಹೊಲಿಗೆ ಮಿಷನ್ನು ಇದ್ದದ್ದು ಯಸಳೂರಿನಲ್ಲಿ. ಶಿವಣ್ಣನ ಅಂಗಿಯ ಕಾಲರಿನಲ್ಲಿ ಒಂದು ಸೂಜಿ ಇತ್ತು, ಅದರಲ್ಲಿ ಯಾರದೋ ರವಿಕೆಗೆ ಪೋಣಿಸಿದ್ದ ನೂಲು ಉದ್ದಕ್ಕೆ ಸುತ್ತಿಕೊಂಡಿತ್ತು. ಅವನು ಕೂತು ಹೊಲಿದ. ನಾನು ಬಾಗಿಲಿಗೂ ಮೇಜಿಗೂ ಓಡಾಡಿದೆ. ಮೇಲಿದ್ದ ಶಾಂತಿಯಾಗಲಿ ಕೆಳಗಿದ್ದ ಧೈರ್ಯವಾಗಲಿ ನನ್ನ ಹತ್ತಿರ ಸುಳಿಯಲಿಲ್ಲ. ಜೀಪಿನ ಸದ್ದು ಕೇಳಿದಾಗ ಇನ್ನೂ ಒಂದು ಗೇಣು ಉಳಿದಿತ್ತು. ಸಾಹೇಬರು ಕಾಫಿ ಕುಡಿಯುವಷ್ಟರಲ್ಲಿ ಶಿವಣ್ಣ ಅದನ್ನೂ ಮುಗಿಸಿದ, ಗಿರಿಜಮ್ಮ ಬಾವುಟಕ್ಕೆ ಹೂ ತುಂಬಿ ಗಂಟು ಹಾಕಿ ಕಂಬಕ್ಕೆ ಏರಿಸಿದರು.

ಸಾಹೇಬರು ಹಗ್ಗ ಎಳೆದರು. ಗಂಟು ಬಿಚ್ಚಿತು, ಹೂ ಉದುರಿತು, ಹಳದಿ ಮೇಲೆ ನಿಂತಿತು. ನಾನು ಉಸಿರು ಬಿಟ್ಟೆ. ಆದರೆ ನಾಡಗೀತೆ ಮುಗಿದರೂ ಸಾಹೇಬರ ಕತ್ತು ಕೆಳಗಿಳಿಯಲಿಲ್ಲ.

"ಮೇಷ್ಟ್ರೇ, ನಡುವೆ ಅದೇನು ಹಸಿರು ಗೆರೆ?"

ಆಗಲೇ ನನಗೂ ಕಂಡದ್ದು. ನೂಲು ಕಡು ಹಸಿರು, ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟು ದಪ್ಪ. ಮಲೆನಾಡಿನ ಹಸಿರು, ಕಾಫಿ ಬೆಳೆಗಾರರ ಶ್ರಮ ಎಂಬ ಅರ್ಥಗಳು ನನ್ನ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಅಷ್ಟರಲ್ಲಿ ಹಿಂದಿನಿಂದ ಶಿವಣ್ಣ ಹೇಳಿಬಿಟ್ಟ:

"ಅದು ನೂಲು ಸ್ವಾಮಿ. ಬ್ಯಾರೆ ಬಣ್ಣದ್ದು ಇರ್ಲಿಲ್ಲ."

ಸಾಹೇಬರು ಅವನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಸದ್ಯ. ನಾನು ಓದದೆ ಇರೋ ಯಾವ್ದೋ ಸುತ್ತೋಲೆ ಬಂದಿದೆಯೇನೋ ಅಂತ ಎದೆ ಹೊಡ್ಕೋತಾ ಇತ್ತು ಕಣ್ರೀ" ಎಂದರು.

ಫೈಲು ಡಿಸೆಂಬರಿನಲ್ಲಿ ಸಹಿಯಾಗಿ ಬಂತು. ಅದಾದ ಮೇಲೆ ನಿವೃತ್ತಿಯವರೆಗೂ ಯಾರಿಗೇ ಕೆಲಸ ಹೇಳಲಿ, ಯಾವುದು ಮೇಲೆ ಯಾವುದು ಕೆಳಗೆ ಎಂಬುದನ್ನು ಮೊದಲು ಹೇಳುತ್ತಿದ್ದೆ. ಅರ್ಥವನ್ನು, ಅವರು ಕೇಳಿದರೆ ಮಾತ್ರ.