ಮಂಚದ ಅಡಿಯ ರೈಲು

ನನ್ನ ಮಂಚದ ಅಡಿಯಿಂದ ರೈಲು ಕೂಗುತ್ತಾ ಹೊರಗೆ ಬಂದದ್ದು ನೋಡಿ ಕೈಯಲ್ಲಿದ್ದ ಚಹಾ ಅರ್ಧ ಸೀರೆಯ ಮೇಲೆ ಚೆಲ್ಲಿತು. ಅಂಗೈಗಿಂತ ಚಿಕ್ಕ ಇಂಜಿನು, ಹಿಂದೆ ಮೂರು ಡಬ್ಬಿ. ನಮ್ಮ ಮಡಂತ್ಯಾರಿಗೆ ಇನ್ನೂ ರೈಲು ಬಂದಿಲ್ಲ, ನಮ್ಮ ಮನೆಗೆ ಬಂತು!

ಇದು ಒಂಬತ್ತನೆಯ ತರಗತಿಯ ಮೊಮ್ಮಗಳು ತೃಪ್ತಿಯ ಕೆಲಸ. ಎರಡೇ ಕೋಣೆಯ ಮನೆ; ಬೇರೆಲ್ಲೂ ಜಾಗವಿಲ್ಲದೆ ಹಳಿ ಕೂರಿಸಲು ಮಂಚದ ಅಡಿಗೆ ಹಲಗೆ ಹಾಕಿದ್ದಳು. ಹಳಿಯ ಸುತ್ತು ಹಲಗೆಗಿಂತ ಉದ್ದವಾಗುತ್ತದೆ, ಇದು ಆಗುವ ಕೆಲಸ ಅಲ್ಲ ಎಂದು ಅವಳ ಅಪ್ಪ ತಾನೇ ತಂದುಕೊಟ್ಟ ಆಟದ ರೈಲನ್ನು ಅಂಗಡಿಗೆ ವಾಪಸ್ ಕೊಡಲು ಹೊರಟಿದ್ದ. ಇವಳು ಒಂದು ವಾರ ಸಮಯ ಕೇಳಿಕೊಂಡಳು. ಹಳಿಯ ಆಕಾರಕ್ಕೆ ಕಾಗದ ಕತ್ತರಿಸಿ, ಹಲಗೆಯ ಮೇಲೆ ಹಾಗೆ ಹೀಗೆ ತಿರುಗಿಸಿ ಇಟ್ಟು ನೋಡಿದಳು. ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟಾಗ ಎಲ್ಲ ಸರಿಯಾಗಿ ಕೂತಿತು. ಸ್ಟೇಷನ್ನಿಗೆ ಒಂದು ಗೇಣು ಜಾಗವೂ ಉಳಿಯಿತು!

"ಇದೆಲ್ಲ ಯಾರು ಹೇಳಿಕೊಟ್ಟದ್ದು ಮಾರಾಯ್ತಿ?" ಎಂದು ಕೇಳಿದೆ.

"ನೀವೇ ಅಲ್ವಾ ಅಜ್ಜಿ! ಬೀಡಿ ಎಲೆ ಕತ್ತರಿಸುವಾಗ ತಗಡಿನ ಅಚ್ಚನ್ನು ಎಲೆಯ ಮೇಲೆ ಹೇಗೆಲ್ಲ ತಿರುಗಿಸಿ ಇಡ್ತೀರಿ, ಒಂದು ಚೂರೂ ಹಾಳು ಮಾಡದೆ. ನಾನು ಸಣ್ಣದರಿಂದ ನೋಡ್ತಾ ಇದ್ದೇನೆ."

ನಾನು ಮೂರನೆಯ ತರಗತಿಗೆ ಶಾಲೆ ಬಿಟ್ಟವಳು. ಮನೆಯ ಮಕ್ಕಳಿಗೆ ಹೇಳಿಕೊಡಲು ನನ್ನ ಹತ್ತಿರ ಏನೂ ಇಲ್ಲ ಎಂದೇ ಇಷ್ಟು ವರ್ಷ ಎಲೆ ಕತ್ತರಿಸುತ್ತಾ ಕೂತಿದ್ದೆ. ಈಗ ದಿನಾ ಸಂಜೆ "ಅಜ್ಜಿ, ಕಾಲು ಮೇಲೆ!" ಎಂದು ಅವಳು ಕೂಗುತ್ತಾಳೆ. ಹಲಗೆಯನ್ನು ಅರ್ಧ ಹೊರಗೆ ಎಳೆಯುತ್ತಾಳೆ. ನಾನು ಎರಡೂ ಕಾಲು ಎತ್ತಿಕೊಂಡು ರೈಲಿಗೆ ದಾರಿ ಬಿಡುತ್ತೇನೆ.