ಒಡೆದ ಬೇಳೆಯ ಪಾಠ

ಮಕ್ಕಳೇ, ನಾನು ಚಿಕ್ಕವನಿದ್ದಾಗ, ಮುಂಗಾರು ಬಿತ್ತನೆಗೆ ಮುಂಚೆ ಪೆದ್ದಕಡುಬೂರಿನ ನಮ್ಮ ಮನೆಯ ಪಡಸಾಲೆ ತುಂಬ ಶೇಂಗಾ ರಾಶಿ ಬೀಳುತ್ತಿತ್ತು. ಬಿತ್ತುವ ಶೇಂಗಾವನ್ನು ಕೈಯಲ್ಲೇ ಸುಲಿಯಬೇಕು. ಒಳಗಿನ ಕೆಂಪು ಸಿಪ್ಪೆ ಕಿತ್ತರೂ ಮೊಳಕೆ ಬರುವುದಿಲ್ಲ. ಇಡೀ ಕಾಳು ಬುಟ್ಟಿಗೆ; ಅದಕ್ಕೆ ಬಾಯಿ ಹಾಕಿದರೆ ಅಪ್ಪ ಕೆಂಡವಾಗುತ್ತಿದ್ದ. ಒಡೆದ ಬೇಳೆ ಮಾತ್ರ ನಮಗೆ.

ಅದನ್ನೂ ಅಕ್ಕ ಸುಮ್ಮನೆ ಕೊಡುತ್ತಿರಲಿಲ್ಲ, ಜಿಪುಣಿ! ಇಂಗ್ಲಿಷ್ ಪದ ಬಿಡಿಸಿ ಅದರ ಬೇರು ಹೇಳಬೇಕಿತ್ತು. ಆ ಬೇರುಗಳು ಗ್ರೀಕ್, ಲ್ಯಾಟಿನ್ ಎಂಬ ಹಳೆಯ ಭಾಷೆಗಳವಂತೆ. ಟೆಲಿಗ್ರಾಫ್ ಪದದಲ್ಲಿ ‘ಟೆಲಿ’ ಅಂದರೆ ದೂರ, ‘ಗ್ರಾಫ್’ ಅಂದರೆ ಬರಹ. ಹೇಳಿದರೆ ಬೇಳೆ, ತಪ್ಪಿದರೆ ತಲೆಗೊಂದು ಮೊಟಕು. ಅಕ್ಕ ಹತ್ತನೇ ತರಗತಿ ಪಾಸಾಗಿದ್ದಳು. ಆದೋನಿಯ ಕಾಲೇಜಿಗೆ ಹೋಗುವ ಆಸೆ ಅವಳಿಗೆ. ಓದಿದ್ದು ಸಾಕು ಎಂದು ಅಪ್ಪ ಅಂದುಬಿಟ್ಟಿದ್ದ. ಅಂದಿನಿಂದ ಅವಳ ಪಾಠವೆಲ್ಲ ನನ್ನ ಮೇಲೇ.

ಒಂದು ಮಧ್ಯಾಹ್ನ ಹೊಲದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತ. ಮೈಯಿಂದ ಕರಿಮಣ್ಣಿನ ವಾಸನೆ ಬರುತ್ತಿತ್ತು.

“ಏನದು ಗುಸುಗುಸು?”

ಅಕ್ಕ ಹೆದರುತ್ತಲೇ ಬೇರಿನ ಪಾಠದ ವಿಷಯ ಹೇಳಿದಳು. ಅಪ್ಪ ನನ್ನ ಕಡೆ ತಿರುಗಿದ. “ತಮ್ಮಾ, ಜ್ವರ ಬಂದ್ರ ಕಂಪೌಂಡರ್ ಬಾಯಾಗ ಇಡ್ತಾನಲ್ಲ, ಥರ್ಮಾಮೀಟರ್, ಅದನ್ನ ಬಿಡಿಸು ನೋಡೋಣ.”

ಅಕ್ಕನ ಕೈ ಬುಟ್ಟಿಯ ಮೇಲೇ ನಿಂತಿತು. ಅವಳು ನನಗೆ ಆ ಪದ ಕಲಿಸಿರಲಿಲ್ಲ, ಆದರೆ ಬೇರೆ ಪದಗಳಿಂದ ಅದರ ಬೇರುಗಳು ನನಗೆ ಗೊತ್ತಿದ್ದವು.

“ಥರ್ಮೋ ಅಂದ್ರ ಬಿಸಿ, ಮೀಟರ್ ಅಂದ್ರ ಅಳತಿ. ಮೈ ಬಿಸಿ ಅಳೆಯೋದಪ್ಪ!”

ಅಪ್ಪ ಬಾಗಿಲಿಂದ ಬಂದು ಅಕ್ಕನ ಎದುರು ಕೂತ. ಆಮೇಲೆ ಬುಟ್ಟಿಗೆ ಕೈ ಹಾಕಿ, ಬಿತ್ತುವ ಇಡೀ ಕಾಳನ್ನೇ ಬೊಗಸೆ ತುಂಬಿ ಅಕ್ಕನ ಉಡಿಗೆ ಸುರಿದ. “ತಿನ್ನು ಮಗಳೇ. ನಾಳೆ ಆದೋನಿಗೆ ಹೋಗಿ ಕಾಲೇಜಿಗೆ ನಿನ್ನ ಹೆಸರು ಹಚ್ಚಿ ಬರ್ತೀನಿ.”

ನಾನು ಕುಣಿದಾಡಿದೆ. ಅಕ್ಕ ಹಾಸ್ಟೆಲ್‌ಗೆ ಟ್ರಂಕು ಹೊತ್ತು ಬಸ್ಸು ಹತ್ತಿದಾಗಲೇ ನನಗೆ ತಿಳಿದದ್ದು: ನನ್ನ ಉತ್ತರ ಸರಿಯಾಗಿದ್ದಕ್ಕೇ ಅಕ್ಕ ಹೊರಟಿದ್ದಳು. ಮುಂದಿನ ಮುಂಗಾರಿಗೆ ಒಬ್ಬನೇ ಕೂತು ಶೇಂಗಾ ಸುಲಿದೆ. ಬೇಳೆಯೆಲ್ಲ ನನ್ನದೇ ಆಗಿತ್ತು, ಆದರೆ ತಿನ್ನದೆ ಪಕ್ಕಕ್ಕೆ ಸರಿಸಿಟ್ಟೆ.

ಈಗ ಶೇಂಗಾ ಸುಲಿಯಲು ಮಷೀನು ಬಂದಿದೆ. ಯಾವ ಪದದ ಬೇರು ಕೇಳಿದರೂ ನಿಮ್ಮ ಫೋನು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತದೆ, ಮೊಟಕುವುದೂ ಇಲ್ಲ. ನಿಮ್ಮ ಪಾಡು ಸುಖದ್ದು ಮಕ್ಕಳೇ. ಅಕ್ಕ ಈಗಿಲ್ಲ. ನಾನು ಎಷ್ಟು ಬೇಳೆ ತಿಂದರೂ ಯಾರೂ ಏನೂ ಕೇಳುವುದಿಲ್ಲ. ಬೇಳೆ ಮುಚ್ಚಿಟ್ಟುಕೊಂಡು ‘ಮೊದಲು ಬೇರು ಹೇಳು’ ಅನ್ನುವವರು ಒಬ್ಬರಾದರೂ ಇರಬೇಕಿತ್ತು.