ಮಂತ್ರಿಯಾಗಿಯೇ ಉಣ್ಣಬೇಕಿದ್ದ ಊಟ

ಸರ್ಕಾರದ ಕಾಗದದಲ್ಲಿ ನಾನು ಸಚಿವರ ಆಪ್ತ ಸಹಾಯಕನಾಗಿದ್ದೆ. ನಮ್ಮ ಸಾಹೇಬರ ಮಟ್ಟಿಗೆ ನನ್ನ ಅಸಲು ಕೆಲಸ ಊಟದ ಪುಸ್ತಕ ಬರೆಯುವುದು.

ಅವರು ಹೊನ್ನಾಳಿಯಲ್ಲಿ ತಾಲ್ಲೂಕು ಪಂಚಾಯಿತಿಗೆ ನಿಂತಾಗಿನಿಂದ ನಾನು ಜೊತೆಗಿದ್ದೇನೆ. ಮತ ಕೇಳಲು ಹೋದಲ್ಲೆಲ್ಲ ಮನೆಯವರು "ಉಂಡು ಹೋಗ್ರಿ" ಅನ್ನುವುದು, ಇವರು "ಗೆದ್ದು ಬಂದು ಉಣ್ತೀನಿ ತಾಯಿ" ಅನ್ನುವುದು. ಈ ಮಾತನ್ನು ಎಲ್ಲ ರಾಜಕಾರಣಿಗಳೂ ಆಡುತ್ತಾರೆ. ನಮ್ಮ ಸಾಹೇಬರು ಮಾತ್ರ ಹೊಸ್ತಿಲು ದಾಟಿದ ಕೂಡಲೇ ನನ್ನ ಕಡೆ ತಿರುಗಿ, "ಬರ್ಕೊಂಡ್ಯೇನಪ್ಪಾ?" ಎಂದು ಕೇಳುತ್ತಿದ್ದರು.

ಬರೆಯುವುದಕ್ಕೂ ಅವರದೊಂದು ಕಟ್ಟುನಿಟ್ಟು ಇತ್ತು. "ಹೆಸರು ಬರಿಬ್ಯಾಡ. ಹೆಸರು ಬರೆದ್ರೆ ಪಟ್ಟಿ ಆಗ್ತೈತೆ. ನಾಳೆ ಯಾರ ಕೈಗೋ ಸಿಕ್ಕು, ಇವ್ರು ಆ ಕಡೆಯೋರು ಅವ್ರು ಈ ಕಡೆಯೋರು ಅಂತ ಊರಾಗೆ ಜಗಳ. ಬಾಗಿಲು ಬರಿ, ಅಡುಗೆ ಬರಿ, ಸಾಕು."

ಹಾಗಾಗಿ ನನ್ನ ಪುಸ್ತಕ ತೆರೆದರೆ ಹೀಗಿರುತ್ತಿತ್ತು: "ನ್ಯಾಮತಿ, ಗಿರಣಿ ಹಿಂದಿನ ಮನೆ, ಶಾವಿಗೆ. ಸೂರಗೊಂಡನಕೊಪ್ಪದ ದಾರಿಯಲ್ಲಿ ಬಾವಿ ಪಕ್ಕದ ಮನೆ, ರೊಟ್ಟಿ, ಕೆಂಪು ಚಟ್ನಿ. ಚನ್ನಗಿರಿ, ಟೈಲರ್ ಅಂಗಡಿ ಮೇಲಿನ ಮನೆ, ಅಕ್ಕಿ ರೊಟ್ಟಿ, ಎಣ್ಣೆಗಾಯಿ." ಉಂಡ ಊಟಕ್ಕೆ ಪಕ್ಕದಲ್ಲಿ ಒಂದು ಗೀಟು.

ಪಂಚಾಯಿತಿಯಲ್ಲಿದ್ದಾಗ ಗೀಟುಗಳು ಬೇಗ ಬೀಳುತ್ತಿದ್ದವು. ಒಂದು ಸಲ ಸೋತಾಗ ಇನ್ನೂ ಬೇಗ. "ಗೆದ್ದ ಮೇಲೆ ಅಂತ ಹೇಳಿದ್ರಲ್ಲ ಸಾರ್?" ಎಂದರೆ, "ಸೋತೋನು ಅಂತ ಹೊಟ್ಟೆಗೆ ಗೊತ್ತಾಗ್ತೈತಾ?" ಅನ್ನುತ್ತಿದ್ದರು. ಶಾಸಕರಾದ ವರ್ಷ ಚನ್ನಗಿರಿಯಲ್ಲಿ ಒಂದೇ ಬೆಳಗ್ಗೆ ಮೂರು ಮನೆಯ ತಿಂಡಿ ತಿಂದರು. ಮೂರನೆಯದು ಆ ಟೈಲರ್ ಮನೆ. ಆತ ಇವರನ್ನು ಮೇಲಿಂದ ಕೆಳಗೆ ನೋಡಿ, "ಸಾಹೇಬ್ರೇ, ನಾನು ಹೊಲಿದ ಜುಬ್ಬ ಬಿಚ್ಚಿ ಕೊಡ್ರಿ, ನೀವು ತಿನ್ನೋದ್ರೊಳಗೆ ಎರಡಿಂಚು ಬಿಟ್ಟು ಕೊಡ್ತೀನಿ" ಎಂದ. ಇವರು ನಿಜವಾಗಿಯೂ ಬಿಚ್ಚಿ ಕೊಟ್ಟು ಬನಿಯನ್‌ನಲ್ಲೇ ಕೂತು ತಿಂದರು.

ಇನ್ನು ಬಿಳಿಚೋಡಿನ ಊಟ. ಲೋಕಸಭೆ ಚುನಾವಣೆಗೆ ಪಕ್ಷದ ಪರ ಜಗಳೂರು ಸೀಮೆ ಸುತ್ತುತ್ತಿದ್ದಾಗ ಅಲ್ಲಿ ಒಬ್ಬ ಹೆಣ್ಣುಮಗಳು ಬಾಗಿಲಲ್ಲೇ ನಿಂತು, "ಶಾಸಕರು ನಮ್ಮೂರಿಗೆ ಬೇಕಾದಷ್ಟು ಜನ ಬಂದು ಹೋಗ್ಯಾರೆ. ಮಂತ್ರಿ ಒಬ್ರೂ ನಮ್ಮನೇಲಿ ಉಂಡಿಲ್ಲ" ಎಂದಳು. "ಹಂಗಾದ್ರೆ ಮಂತ್ರಿ ಆಗೇ ಬಂದು ಉಣ್ತೀನಿ" ಎಂದರು ಸಾಹೇಬರು. ಪಕ್ಕದ ಮನೆ ಆಕೆಯ ವಾರಗಿತ್ತಿಯದು. ಒಂದೇ ಗೋಡೆಗೆ ಎರಡು ಮನೆ. ಆ ವಾರಗಿತ್ತಿ ಕಿಸಕ್ಕನೆ ನಕ್ಕು, "ಬರ್ತಾರೆ ಬರ್ತಾರೆ, ಎಲೆ ಹಾಕ್ಕೊಂಡು ಕಾಯ್ತಿರು ಅಕ್ಕ" ಅಂದದ್ದು ನನಗೂ ಕೇಳಿಸಿತ್ತು. ನಾನು ಬರೆದುಕೊಂಡೆ: "ಬಿಳಿಚೋಡು, ಬೇವಿನಮರದ ಎದುರು ಜೋಡಿ ಮನೆ, ಹಸಿರು ಬಾಗಿಲು. ಮುದ್ದೆ, ಹುರುಳಿ ಸಾರು. ಮಂತ್ರಿಯಾಗಿ."

ಸಾಹೇಬರು ಮಂತ್ರಿಯಾದರು. ಆದ ಮೇಲೆ ಊಟಕ್ಕೆ ಹೋಗಲು ಪುರುಸೊತ್ತೇ ಇಲ್ಲದಾಯಿತು. ಅಷ್ಟರಲ್ಲಿ ಸಂಪುಟ ಬದಲಾಗುತ್ತದೆ, ಇವರನ್ನು ಕೈಬಿಡುತ್ತಾರೆ ಎಂಬ ಸುದ್ದಿ ಹಬ್ಬಿತು. ಆ ವಾರ ಜಗಳೂರಿನಲ್ಲಿ ಒಂದು ಶಾಲಾ ಕೊಠಡಿಯ ಉದ್ಘಾಟನೆ ಮುಗಿಸಿ ಕಾರು ಹತ್ತಿದವರು, "ಮಂತ್ರಿ ಆಗೇ ಉಣ್ಣಬೇಕಾದ ಊಟ ಎಷ್ಟು ಉಳಿದಾವಪ್ಪಾ?" ಎಂದರು.

"ಒಂದೇ ಸಾರ್. ಬಿಳಿಚೋಡು."

"ಇವತ್ತು ಬಿಟ್ರೆ ಇಲ್ಲ. ನಡಿ."

ಮುಂಚಿತವಾಗಿ ತಿಳಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ತಿಳಿಸಿದರೆ ಅದು ಊಟವಲ್ಲ, ಶಾಮಿಯಾನ. ಬೇವಿನಮರದ ಕೆಳಗೆ ಇಳಿದೆವು. ಹಸಿರು ಬಾಗಿಲು ಕಂಡಿತು. ಒಳಗಿದ್ದ ಹೆಣ್ಣುಮಗಳು ಒಂದು ಗಳಿಗೆ ಕಣ್ಣುಕಣ್ಣು ಬಿಟ್ಟಳು, ಮತ್ತೆ ಸೆರಗು ಸರಿಮಾಡಿಕೊಂಡು, "ಬರ್ರಿ ಸಾಹೇಬ್ರೇ, ಕೈಕಾಲು ತೊಳ್ಕೊಳ್ರಿ" ಎಂದಳು. ಎರಡು ಮುದ್ದೆ, ಸೊಪ್ಪಿನ ಸಾರು. ಹುರುಳಿ ಸಾರಲ್ಲವಲ್ಲ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಸಾಹೇಬರು ಉಂಡು ಕೈ ತೊಳೆದು ಹೊರಬಂದಾಗ ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬಂದ ಒಬ್ಬಳು ಪೊಲೀಸ್ ಜೀಪು ನೋಡಿ ನಿಂತಿದ್ದಳು. ಹೊರೆ ದೊಪ್ಪನೆ ಬಿತ್ತು. "ಅಯ್ಯೋ ಸಾಹೇಬ್ರೇ, ಮನೆ ತಪ್ಪಿದ್ರಲ್ಲ! ನಮ್ದು ಇದು!"

ಆಕೆ ತೋರಿಸಿದ ಬಾಗಿಲು ನೀಲಿಯಾಗಿತ್ತು. ಮಗಳ ಮದುವೆಗೆ ಬಣ್ಣ ಬದಲಿಸಿದ್ದರು. ಡಬ್ಬಿಯಲ್ಲಿ ಉಳಿದಿದ್ದ ಹಳೆಯ ಹಸಿರನ್ನು ವಾರಗಿತ್ತಿಗೆ ಕೊಟ್ಟವಳೂ ಈಕೆಯೇ.

"ಬಾಯಿ ಬಿಟ್ಟು ಹೇಳಾಕೆ ಏನಾಗಿತ್ತೇ ನಿಂಗೆ?"

"ಮನೆಗೆ ಬಂದೋರಿಗೆ ಮುಂದಕ್ಕೆ ಹೋಗ್ರಿ ಅನ್ನಾಕಾಗ್ತದಾ ಅಕ್ಕ?" ವಾರಗಿತ್ತಿಯ ನಗು ಕಿವಿಯವರೆಗೂ ಹೋಗಿತ್ತು.

ಹಿರಿಯಾಕೆಯ ಮುಖ ಸಣ್ಣದಾಯಿತು. ಸಾಹೇಬರು ನನ್ನನ್ನು ನೋಡಿದರು, ನಾನು ಪುಸ್ತಕ ನೋಡಿದೆ. "ಹುರುಳಿ ಸಾರು ಐತೇನ್ ತಾಯಿ?" ಎಂದು ಕೇಳಿದರು.

"ಬೆಳಿಗ್ಗೇದು ಐತೆ. ಮುದ್ದೆ ಕಟ್ಟಾಕೆ ಎಷ್ಟೊತ್ತು!"

ಅವಳು ಹಿಟ್ಟು ತೊಳಸುತ್ತಿದ್ದಾಗ ನನ್ನ ಜೇಬಿನಲ್ಲಿ ಸಾಹೇಬರ ಫೋನು ಹೊಡೆದುಕೊಂಡಿತು. ಊಟದ ಹೊತ್ತಿಗೆ ಅದು ನನ್ನ ಹತ್ತಿರವೇ ಇರುತ್ತಿತ್ತು. ಬೆಂಗಳೂರಿನಿಂದ, ಮುಖ್ಯಮಂತ್ರಿಗಳ ಕಚೇರಿಯವರು. ಹೊಸ ಪಟ್ಟಿಯಲ್ಲಿ ಇವರ ಹೆಸರಿಲ್ಲ, ಸಂಜೆಯೊಳಗೆ ರಾಜೀನಾಮೆ ಪತ್ರ ಕಳಿಸಬೇಕು, ಫೋನು ಅವರಿಗೇ ಕೊಡಿ ಎಂದರು. "ಊಟಕ್ಕೆ ಕೂತಿದ್ದಾರೆ, ಎದ್ದ ಮೇಲೆ ಹೇಳ್ತೀನಿ" ಎಂದೆ. ಪತ್ರ ಸಂಜೆಗೆ ಎಂದಮೇಲೆ ಸಂಜೆಯವರೆಗೂ ಮಂತ್ರಿಯೇ. ಹಾಗೆಂದುಕೊಂಡು, ಇಷ್ಟು ವರ್ಷದಲ್ಲಿ ಮೊದಲ ಸಲ ಅವರಿಗೆ ಬಂದ ಕರೆಯನ್ನು ತಡೆಹಿಡಿದೆ.

ಸಾಹೇಬರು ನನ್ನ ಮುಖ ನೋಡಿ ಹುಬ್ಬು ಹಾರಿಸಿದರು. "ಹೊಟ್ಟೆ ತುಂಬ ಉಣ್ರಿ ಸಾರ್, ಆಮೇಲೆ ಹೇಳ್ತೀನಿ" ಎಂದೆ. ಹೊಟ್ಟೆ ಆಗಲೇ ತುಂಬಿತ್ತು. ಮೆಲ್ಲಗೆ ಬೆಲ್ಟು ಸಡಿಲಿಸಿಕೊಂಡರು.

ಮುದ್ದೆ ತೆಂಗಿನಕಾಯಿ ಗಾತ್ರ ಇತ್ತು. ಬಾಗಿಲಿಗೆ ಒರಗಿದ್ದ ವಾರಗಿತ್ತಿ, "ಅಕ್ಕ, ಸಣ್ಣದು ಕಟ್ಟು, ಮಂತ್ರಿಗೆ ಏನಾರ ಆದೀತು" ಎಂದಳು.

"ಎರಡು ಇಕ್ಕುವಾಗ ನಿಂಗೆ ನೆನಪಾಗಲಿಲ್ವಾ?"

ಸಾಹೇಬರು ಒಂದೊಂದೇ ತುತ್ತು ಸಾರಿನಲ್ಲಿ ಹೊರಳಿಸಿ ನುಂಗಿದರು. ಹಣೆಯಲ್ಲಿ ಬೆವರು. ಕೊನೆಗೆ ತಟ್ಟೆ ಖಾಲಿ ಮಾಡಿ, ಮಜ್ಜಿಗೆ ಕುಡಿದು, ಕೈ ತೊಳೆದರು. ಟವೆಲು ಕೊಡುವಾಗ ಕಿವಿಯಲ್ಲಿ ಸುದ್ದಿ ಹೇಳಿದೆ. ಬಾಯಿ ಒರೆಸಿಕೊಂಡು ಜೋರಾಗಿ ನಕ್ಕರು. "ತಾಯಿ, ನಾನು ಮಂತ್ರಿಯಾಗಿ ಉಂಡ ಕೊನೇ ಊಟ ನಿಮ್ದೇ. ಇನ್ಮೇಲೆ ಯಾರ ಮನೇಲಿ ಉಂಡ್ರೂ ಬರೀ ಶಾಸಕ."

ಆಕೆಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಆದ ಮೇಲೆ, "ಹೋದ್ರೆ ಹೋಗಲಿ ಬಿಡ್ರಿ, ಉಂಡಿದ್ದು ಎಲ್ಲೂ ಹೋಗಲ್ಲ" ಎಂದು ಅವರಿಗೆ ಹೇಳಿ ವಾರಗಿತ್ತಿಯ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ? ಕೊನೇದು ನಂದು."

ಕಾರಿನಲ್ಲಿ "ಹಸಿರು" ಎಂಬುದನ್ನು ಹೊಡೆದು ಹಾಕಿ "ನೀಲಿ" ಎಂದು ಬರೆದು ಗೀಟು ಹಾಕಿದೆ. ಸಾಹೇಬರು ರಾಜೀನಾಮೆಯ ಒಕ್ಕಣೆ ಹೇಳತೊಡಗಿದರು. "ಮಾನ್ಯರೇ" ಎಂದರು, ನಾನು ಬರೆದೆ. ಮುಂದಿನ ಮಾತಿಗೆ ಪೆನ್ನು ಹಿಡಿದು ಕಾದೆ. ಮೂರು ಮುದ್ದೆ ತನ್ನ ಕೆಲಸ ಮಾಡಿತ್ತು. ಗೊರಕೆ ಕೇಳಿಸಿತು. ದಾವಣಗೆರೆ ಬರುವವರೆಗೂ ನಾನು ಎಬ್ಬಿಸಲಿಲ್ಲ.